ಹಾಡುವವನು, ನುಡಿಸುವವನು: ಕಮಾರೋನ್ ಮತ್ತು ಪಾಕೊ ದೆ ಲೂಸಿಯಾ ಜೊತೆಗಾರಿಕೆ ಕುರಿತು ಒಂದು ಚರ್ಚೆ

ಶ್ರುತಿಪೆಟ್ಟಿಗೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ತಿಂಗಳಿಂದ, ದಕ್ಷಿಣ ಸ್ಪೇನಿನ ಸಂಗೀತವಾದ ಫ್ಲಮೆಂಕೊದ ಗಾಯಕ ಕಮಾರೋನ್ ದೆ ಲಾ ಇಸ್ಲಾ ಮತ್ತು ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಜೊತೆಯಾಗಿ ಹೊರತಂದ ಧ್ವನಿಮುದ್ರಿಕೆಗಳನ್ನು ಅವು ಬಂದ ಕ್ರಮದಲ್ಲಿಯೇ ಒಂದೊಂದಾಗಿ ಕೇಳುತ್ತಿದ್ದೇನೆ. 1969ರಿಂದ 1977ರವರೆಗೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಒಂಬತ್ತು ಮುದ್ರಿಕೆಗಳು ಬಂದಿವೆ. ಮೊದಲನೆಯದು ಬಂದ ಕಾಲಕ್ಕೆ ಗಾಯಕನಿಗೆ 18, ವಾದಕನಿಗೆ 21 ವರ್ಷ. ನಾನು ಗಿಟಾರ್ ಬಲ್ಲವನಲ್ಲ. ಮನೆಯಲ್ಲಿ ಕರ್ನಾಟಕ ಸಂಗೀತ ಕೇಳುತ್ತಾ ಬೆಳೆದ ಸಾಮಾನ್ಯ ಶ್ರೋತೃ ಅಷ್ಟೆ.

ಆ ಮೊದಲ ಮುದ್ರಿಕೆಯ ಹೊದಿಕೆಯ ಮೇಲೆ ಗಾಯಕನ ಹೆಸರಿನ ಕೆಳಗೆ ‘ಪಾಕೊ ದೆ ಲೂಸಿಯಾ ಅವರ ವಿಶೇಷ ಸಹಯೋಗದೊಂದಿಗೆ’ ಎಂಬ ಅರ್ಥದ ಸಾಲೊಂದು ಅಚ್ಚಾಗಿದೆ. ಪಕ್ಕವಾದ್ಯದವರಿಗೆ ಹೀಗೆ ಜಾಗ ಕೊಟ್ಟದ್ದು ಸೌಜನ್ಯವೋ, ವ್ಯಾಪಾರದ ಲೆಕ್ಕವೋ, ಅಥವಾ ಹಾಡಿನಲ್ಲಿ ಅರ್ಧ ಪಾಲು ಅವರದೇ ಎಂಬ ಒಪ್ಪಿಗೆಯೋ? ಆರಂಭದ ಮುದ್ರಿಕೆಗಳನ್ನು ಕೇಳುವಾಗ ಗಿಟಾರ್ ಹಾಡಿನ ಹಿಂದೆ ಇದೆ ಎನ್ನಿಸುತ್ತದೆ. 1972ರ ಹೊತ್ತಿಗೆ ಬರುವಾಗ ಯಾರು ಯಾರ ಹಿಂದೆ ಇದ್ದಾರೆ ಎಂದು ಹೇಳಲಾಗದಂತೆ ಆಗುತ್ತದೆ. ಪಾಕೊ ಇಲ್ಲದಿದ್ದರೆ ಕಮಾರೋನ್ ಇಷ್ಟು ದೊಡ್ಡ ಗಾಯಕನಾಗುತ್ತಿರಲಿಲ್ಲ ಎಂದು ಒಬ್ಬ ಸ್ನೇಹಿತರು ವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಆದರೆ ಏಕೆ ಒಪ್ಪಿಗೆಯಾಗುತ್ತಿಲ್ಲ ಎಂದು ವಿವರಿಸಲೂ ಬರುತ್ತಿಲ್ಲ. ಬಲ್ಲವರು ತಿಳಿಸಿಕೊಡಬೇಕು.

ಆರುತಂತಿ ಬರೆದದ್ದು:

ಶ್ರುತಿಪೆಟ್ಟಿಗೆ ಅವರೇ, ಕೆಲಸದ ನಿಮಿತ್ತ ಎರಡು ವರ್ಷ ಸ್ಪೇನಿನ ಸೆವಿಯಾ ನಗರದಲ್ಲಿದ್ದಾಗ ಫ್ಲಮೆಂಕೊ ಗಿಟಾರ್ ಅನ್ನು ಅಲ್ಪಸ್ವಲ್ಪ ಕಲಿತವನು ನಾನು. ತಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಹಾಡಿನ ಪಕ್ಕದಲ್ಲಿ ಕೂತ ಗಿಟಾರ್‌ನ ಕೆಲಸ ಏನು ಎಂಬುದನ್ನು ಮೊದಲು ನೋಡಬೇಕು. ಸ್ವಲ್ಪ ದೀರ್ಘವಾದರೆ ಕ್ಷಮಿಸಿ.

ಗಾಯಕ ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ಗಿಟಾರಿನವನ ಕಿವಿಗೆ ಎರಡೇ ಮಾತು ಹೇಳುತ್ತಾನೆ, ಉದಾಹರಣೆಗೆ ‘ನಾಲ್ಕಕ್ಕೆ, ಮಧ್ಯದಲ್ಲಿ’ ಎಂದು. ನಾಲ್ಕು ಎಂದರೆ ಸೆಹೀಯವನ್ನು, ಅಂದರೆ ಗಿಟಾರ್‌ನ ಕತ್ತಿಗೆ ಬಿಗಿಯುವ ಪಟ್ಟಿಯನ್ನು, ನಾಲ್ಕನೆಯ ಮೆಟ್ಟಿಲಿಗೆ ಹಾಕು ಎಂದರ್ಥ. ನಮ್ಮಲ್ಲಿ ಗಾಯಕರ ಮನೆಶ್ರುತಿ ಇದ್ದ ಹಾಗೆಯೇ ಇದು. ‘ಮಧ್ಯದಲ್ಲಿ’ ಎಂಬುದು ‘ಎ’ ಸ್ಥಾನವನ್ನು ನೆಲೆಯಾಗಿಟ್ಟುಕೊಳ್ಳುವ ಕೈಜೋಡಣೆ. ‘ಮೇಲೆ’ ಎಂದರೆ ‘ಇ’ ಸ್ಥಾನ. ಅಲ್ಲಿಂದ ಮುಂದೆ ಮಾತಿಲ್ಲ. ಗಿಟಾರಿನವನು ತಾಳವನ್ನು, ಅವರು ಕಂಪಾಸ್ ಎನ್ನುವುದನ್ನು, ಕಟ್ಟಿಕೊಡುತ್ತಾನೆ, ಗಾಯಕ ಒಂದೆರಡು ಆಲಾಪದಂಥ ‘ಆಯ್’ಗಳಲ್ಲಿ ತನ್ನ ಸ್ವರವನ್ನು ಆ ನೆಲೆಗೆ ಹೊಂದಿಸಿಕೊಳ್ಳುತ್ತಾನೆ, ಆನಂತರ ಮೊದಲ ಪದ್ಯ. ಪ್ರತಿ ಸಾಲು ಮುಗಿದಲ್ಲಿ ಗಿಟಾರ್ ಒಂದು ಚಿಕ್ಕ ಉತ್ತರ ಕೊಡುತ್ತದೆ. ಎರಡು ಪದ್ಯಗಳ ನಡುವೆ ಮಾತ್ರ ಗಿಟಾರಿಗೆ ಸ್ವಂತವಾಗಿ ಮಾತನಾಡಲು ಅವಕಾಶ. ಆ ಸ್ವಂತ ಮಾತಿಗೆ ಫಾಲ್ಸೆತಾ ಎನ್ನುತ್ತಾರೆ.

ಕಠಿಣವಾದದ್ದು ಫಾಲ್ಸೆತಾ ಅಲ್ಲ, ಅದನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ಅಭ್ಯಾಸ ಮಾಡಬಹುದು. ಕಠಿಣವಾದದ್ದು ಕಾಯುವುದು. ಸೊಲೆಯಾ ಎಂಬ ಪ್ರಕಾರದಲ್ಲಿ ಪದ್ಯದ ನಡುವೆ ಎಲ್ಲೋ ಒಂದು ಕಡೆ ಗಾಯಕ ‘ಸಿ’ ಮೇಜರ್ ಎಂಬ ಸ್ವರಗುಚ್ಛದ ಕಡೆಗೆ ತಿರುಗುತ್ತಾನೆ. ಎಷ್ಟು ಹೊತ್ತು ಸ್ವರವನ್ನು ಎಳೆದು ಆನಂತರ ತಿರುಗುತ್ತಾನೆ ಎಂಬುದು ಬರೆದಿಟ್ಟದ್ದಲ್ಲ. ಅವನ ಉಸಿರು ನೋಡಬೇಕು, ಕತ್ತಿನ ನರ ನೋಡಬೇಕು, ಅವನು ಯಾವ ಊರಿನ ಯಾವ ಹಳೆಯ ಗಾಯಕನ ಪಾಠಾಂತರವನ್ನು ಹಾಡುತ್ತಿದ್ದಾನೆ ಎಂಬುದು ಗೊತ್ತಿರಬೇಕು. ನಾನು ಒಮ್ಮೆ ಒಂದು ಬಡಾವಣೆಯ ಸಣ್ಣ ಫ್ಲಮೆಂಕೊ ಸಂಘದಲ್ಲಿ ವಯಸ್ಸಾದ ಗಾಯಕರೊಬ್ಬರ ಪಕ್ಕದಲ್ಲಿ ನುಡಿಸುವ ಸಾಹಸ ಮಾಡಿದೆ. ಮೊದಲ ಪದ್ಯ ಮುಗಿದೊಡನೆ, ಮೂರು ತಿಂಗಳು ಬೆವರು ಸುರಿಸಿ ಕಲಿತಿದ್ದ ಉದ್ದನೆಯ ಫಾಲ್ಸೆತಾವನ್ನು ಬಿಚ್ಚಿದೆ. ಅವರು ಸ್ವಲ್ಪ ಹೊತ್ತು ಸೂರು ನೋಡಿದರು, ಒಮ್ಮೆ ಕೆಮ್ಮಿದರು, ಮೇಜಿನ ಮೇಲೆ ಬೆರಳಿನ ಗೆಣ್ಣಿನಿಂದ ತಾಳ ತಟ್ಟಿದರು, ಆಮೇಲೆ ನನ್ನ ಫಾಲ್ಸೆತಾ ಇನ್ನೂ ಓಡುತ್ತಿರುವಾಗಲೇ ಎರಡನೆಯ ಪದ್ಯವನ್ನು ಎತ್ತಿಕೊಂಡುಬಿಟ್ಟರು. ಸಭೆ ನಕ್ಕಿತು. ಹೊರಗೆ ಬಂದ ಮೇಲೆ ಅವರು ಬಯ್ಯಲಿಲ್ಲ. ನಾನು ಅವರನ್ನು ಕೇಳಿಸಿಕೊಳ್ಳುವ ಬದಲು ನನ್ನ ಬೆರಳುಗಳನ್ನು ಕೇಳಿಸಿಕೊಳ್ಳುತ್ತಿದ್ದೆ ಎಂದಷ್ಟೇ ಹೇಳಿ ಕಾಫಿ ಕೊಡಿಸಿದರು.

ಈಗ ಪಾಕೊ ಅವರ ವಿಷಯಕ್ಕೆ ಬರುತ್ತೇನೆ. ಅಷ್ಟು ವೇಗದ ಬೆರಳುಗಳಿದ್ದ ಮನುಷ್ಯ ಆ ಮೊದಲ ಮುದ್ರಿಕೆಗಳಲ್ಲಿ ಎಷ್ಟು ಕಡೆ ಸುಮ್ಮನಿದ್ದಾರೆ ಎಂಬುದನ್ನು ಗಮನಿಸಿ. ಬುಲೆರಿಯಾ ಎಂಬ ಶೀಘ್ರಗತಿಯ ಪ್ರಕಾರದಲ್ಲಿ ಹನ್ನೆರಡು ಮಾತ್ರೆಗಳು. ಒತ್ತು ಬೀಳುವುದು 12, 3, 6, 8, 10ರ ಮೇಲೆ. ಕೈಯಲ್ಲಿ ತಟ್ಟಿ ನೋಡುವುದಾದರೆ ಮೂರು, ಮೂರು, ಎರಡು, ಎರಡು, ಎರಡು ಎಂದು ವಿಭಾಗಿಸಿಕೊಳ್ಳಿ. ಸಾಲು ಮುಗಿಯುವುದು ಸಾಮಾನ್ಯವಾಗಿ ಹತ್ತರ ಮೇಲೆ. ಹತ್ತರಿಂದ ಮುಂದಿನ ಹನ್ನೆರಡರ ನಡುವೆ ಒಂದು ಸಂದು ಉಳಿಯುತ್ತದೆ. ಕಮಾರೋನ್ ಹತ್ತಕ್ಕೆ ಖಚಿತವಾಗಿ ಮುಗಿಸಿದರೆ ಪಾಕೊ ಆ ಸಂದಿಯಲ್ಲಿ ಸರಕ್ಕನೆ ಒಂದು ಎಳೆ ಹಾಕುತ್ತಾರೆ. ಕಮಾರೋನ್ ಹತ್ತನ್ನು ದಾಟಿ ಸ್ವರವನ್ನು ಜಗ್ಗಿದರೆ ಪಾಕೊ ತಂತಿಗಳನ್ನು ಅಂಗೈಯಿಂದ ಒತ್ತಿ ಬರಿಯ ಟಪ್ಪೆಂಬ ಸದ್ದನ್ನಷ್ಟೇ ಇಡುತ್ತಾರೆ. ಆ ಟಪ್ಪೆಂಬ ಸದ್ದಿನಲ್ಲಿ ಅವರ ದೊಡ್ಡತನ ಇದೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ತಮ್ಮ ಸ್ನೇಹಿತರ ವಾದವನ್ನು ನಾನು ತಿರುಗಿಸಿ ಹೇಳುವೆ: ಕಮಾರೋನ್ ಹಾಡಿನ ಪಕ್ಕದಲ್ಲಿ ಕೂತದ್ದರಿಂದಲೇ ಪಾಕೊ ಅವರಿಗೆ ಎಲ್ಲಿ ನುಡಿಸಬಾರದು ಎಂಬುದು ಇಷ್ಟು ಚೆನ್ನಾಗಿ ತಿಳಿದದ್ದು.

ಪಿಟೀಲುಪುರಾಣ ಬರೆದದ್ದು:

ಆರುತಂತಿ ಅವರ ಬರಹ ಓದಿ ಬಹಳ ಸಂತೋಷವಾಯಿತು. ಆ ಕಾಫಿಯ ಪ್ರಸಂಗ ನನಗೂ ಬೇರೆ ರೂಪದಲ್ಲಿ ಆಗಿದೆ. ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಗಾಯಕರಿಗೆ ಪಿಟೀಲು ಸಹಕಾರ ನೀಡುತ್ತಿರುವ ನನಗೆ ಇಲ್ಲಿ ಹೋಲಿಕೆಗಿಂತ ವ್ಯತ್ಯಾಸ ಹೆಚ್ಚು ಕುತೂಹಲಕರವಾಗಿ ಕಾಣುತ್ತದೆ. ನಾವು ಗಾಯಕರ ಆಲಾಪನೆಯನ್ನು ಅರೆಗಳಿಗೆ ಹಿಂದೆ ನಿಂತು ನೆರಳಿನಂತೆ ಹಿಂಬಾಲಿಸುತ್ತೇವೆ. ಅವರ ಗಮಕ ನಮ್ಮ ಬೆರಳಿನಲ್ಲಿ ಮತ್ತೊಮ್ಮೆ ಕೇಳಿಸಬೇಕು. ಗಿಟಾರಿಗೆ ಅದು ಸಾಧ್ಯವಿಲ್ಲ, ಏಕೆಂದರೆ ಅದಕ್ಕೆ ಮೆಟ್ಟಿಲುಗಳಿವೆ, ಕಮಾರೋನ್ ಅವರ ಕಂಠ ಜಾರುವ ಹಾದಿಯಲ್ಲಿ ಆ ಮೆಟ್ಟಿಲುಗಳು ಜಾರಲಾರವು. ಹಾಗಾಗಿ ಅದು ಹಾಡನ್ನು ನಕಲು ಮಾಡುವ ಗೋಜಿಗೇ ಹೋಗದೆ ಹಾಡಿನ ಕೆಳಗೆ ನೆಲವನ್ನು ಹಾಸುತ್ತದೆ. ಇನ್ನೂ ಒಂದು ವಿಷಯ: ನಮ್ಮ ವೇದಿಕೆಯಲ್ಲಿ ತಾಳವನ್ನು ಹೊರಲು ಮೃದಂಗದವರು ಬೇರೆ ಇರುತ್ತಾರೆ. ಅಲ್ಲಿ ಚಪ್ಪಾಳೆಯಲ್ಲಿ ತಾಳ ಹಾಕುವವರು ಜೊತೆಗಿಲ್ಲದಿದ್ದರೆ ಪಿಟೀಲಿನ ಕೆಲಸ, ಮೃದಂಗದ ಕೆಲಸ ಎರಡೂ ಒಬ್ಬನ ಬಲಗೈಯ ಮೇಲೆ ಬೀಳುತ್ತವೆ. ಪಕ್ಕವಾದ್ಯ ಎಂಬ ನಮ್ಮ ಪದ ಅದಕ್ಕೆ ಸಾಲದು.

ಸ್ವರಗಳ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಅವರು ‘ಮೇಲೆ’ ಎನ್ನುವ ನೆಲೆಯಲ್ಲಿ ‘ಇ’ಯನ್ನು ಷಡ್ಜವಾಗಿಟ್ಟುಕೊಂಡು ಗಮನಿಸಿದರೆ, ಗಾಂಧಾರ ಒಮ್ಮೆ ತಗ್ಗಿನ ಸಾಧಾರಣ, ಒಮ್ಮೆ ಅದಕ್ಕಿಂತ ಎತ್ತರದ ಅಂತರ. ಸಾಧಾರಣವಾದಾಗ ತೋಡಿ ರಾಗದ ಸ್ವರಗಳು, ಅಂತರವಾದಾಗ ವಕುಳಾಭರಣ ರಾಗದ ಸ್ವರಗಳು. ಕಮಾರೋನ್ ಒಂದೇ ಉಸಿರಿನಲ್ಲಿ ಎರಡರ ನಡುವೆ ಓಡಾಡುತ್ತಾರೆ. ಪಾಕೊ ಆ ಹೊತ್ತಿಗೆ ಯಾವ ಗಾಂಧಾರವಿರುವ ಸ್ವರಗುಚ್ಛವನ್ನು ಹಿಡಿಯಬೇಕು ಎಂಬ ಇಕ್ಕಟ್ಟು ಇರುತ್ತದೆ. ಎಷ್ಟೋ ಕಡೆ ಅವರು ಗಾಂಧಾರವನ್ನೇ ಬಿಟ್ಟುಬಿಡುವಂತೆ ನನ್ನ ಕಿವಿಗೆ ಕೇಳಿಸುತ್ತದೆ, ಬಲ್ಲವರು ತಿದ್ದಬಹುದು. ಸ್ವರಗಳು ಒಂದೇ ಎಂದ ಮಾತ್ರಕ್ಕೆ ರಾಗ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ ಎಂದುಕೊಂಡಿದ್ದೇನೆ.

ಪ್ರಶ್ನಾರ್ಥಕ ಬರೆದದ್ದು:

ಸ್ವರಗಳ ವಿಷಯ ಬಂದದ್ದರಿಂದ ಕೇಳುತ್ತಿದ್ದೇನೆ. ಹಿತಾನೊ ಜನರು, ಅಂದರೆ ಸ್ಪೇನಿನ ರೋಮಾ ಸಮುದಾಯದವರು, ಮೂಲತಃ ಭಾರತದಿಂದ ಹೋದವರು. ಕಮಾರೋನ್ ಆ ಸಮುದಾಯದವರು. ಹಾಗಿರುವಾಗ ಅವರ ಹಾಡು ನಮ್ಮ ಸಂಗೀತದ ಮುಂದುವರಿಕೆ ಎಂದೂ, ಗಿಟಾರ್ ಅದರ ಮೇಲೆ ಆಮೇಲೆ ಹೊದಿಸಿದ ಹೊದಿಕೆ ಎಂದೂ ಏಕೆ ಹೇಳಬಾರದು?

ಹಳೇರೆಕಾರ್ಡು ಬರೆದದ್ದು:

ಪ್ರಶ್ನಾರ್ಥಕ ಅವರೇ, ತಮ್ಮ ಮಾತಿನ ಮೊದಲ ಭಾಗ ಸರಿ, ಎರಡನೆಯ ಭಾಗಕ್ಕೆ ಆಧಾರ ಸಾಲದು. ರೋಮಾ ಜನರ ಭಾಷೆ ಭಾರತೀಯ ಆರ್ಯ ಭಾಷೆಗಳ ಗುಂಪಿಗೆ ಸೇರಿದ್ದು. ಸ್ಪೇನಿನ ಹಿತಾನೊಗಳ ಕಾಲೊ ನುಡಿಯಲ್ಲಿ ಇಂದಿಗೂ ನೀರಿಗೆ ‘ಪಾನ್ಯಿ’ ಎಂಬ ಪದವಿದೆ. ಅವರು ಐಬೀರಿಯಾ, ಅಂದರೆ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಪರ್ಯಾಯದ್ವೀಪ, ತಲುಪಿದ್ದು 15ನೆಯ ಶತಮಾನದಲ್ಲಿ. 1425ರಲ್ಲಿ ಅರಾಗೋನಿನ ರಾಜ ಅವರ ನಾಯಕನೊಬ್ಬನಿಗೆ ಕೊಟ್ಟ ರಹದಾರಿಯ ದಾಖಲೆ ಇದೆ. ಆದರೆ ಫ್ಲಮೆಂಕೊ ಎಂದು ಗುರುತಿಸಬಹುದಾದ ಹಾಡುಗಾರಿಕೆ ರೂಪುಗೊಂಡದ್ದು ದಕ್ಷಿಣ ಸ್ಪೇನಿನ ಆಂದಲೂಸಿಯಾದ ನೆಲದಲ್ಲಿ, ಮುಖ್ಯವಾಗಿ 18 ಮತ್ತು 19ನೆಯ ಶತಮಾನಗಳಲ್ಲಿ, ಹಿತಾನೊಗಳೂ ಅವರ ಅಕ್ಕಪಕ್ಕದ ಬಡ ಆಂದಲೂಸಿಯನ್ನರೂ ಸೇರಿ ಬಾಳಿದ ಬೀದಿಗಳಲ್ಲಿ. ನಾಲ್ಕು ಶತಮಾನಗಳ ಅವರ ಬಾಳನ್ನು ಹಾರಿ ನೇರವಾಗಿ ನಮ್ಮ ಮನೆಗೆ ಗಂಟು ಹಾಕುವುದು ಅವರಿಗೆ ಮಾಡುವ ಅನ್ಯಾಯ.

ಇನ್ನು ಗಿಟಾರ್ ಹೊದಿಕೆ ಎಂಬ ಮಾತು ಅಷ್ಟು ತಪ್ಪಲ್ಲ, ಹಳೆಯ ಕೆಲವು ಪ್ರಕಾರಗಳಲ್ಲಿ ಗಿಟಾರ್ ಇಲ್ಲವೇ ಇಲ್ಲ. ಮಾರ್ತಿನೇತೆ ಎಂಬುದು ಕಮ್ಮಾರರ ಕುಲುಮೆಯ ಹಾಡು, ಬರಿಯ ಕಂಠದಲ್ಲಿ ಹಾಡುವಂಥದ್ದು. ಕಮಾರೋನ್ ಹುಟ್ಟಿದ್ದೇ ಕುಲುಮೆಯ ಮನೆಯಲ್ಲಿ. ನಿಜ ಹೆಸರು ಹೊಸೆ ಮೋಂಹೆ ಕ್ರೂಸ್. 1950ರ ಡಿಸೆಂಬರ್ 5ರಂದು ಕಾದಿಸ್ ಪ್ರಾಂತ್ಯದ ಸಾನ್ ಫೆರ್ನಾಂದೊದಲ್ಲಿ ಜನನ. ತಂದೆ ಕಮ್ಮಾರ, ತಾಯಿ ಬುಟ್ಟಿ ಹೆಣೆಯುವವರು. ಬಿಳಿಚು ಮೈಬಣ್ಣ, ಹೊಂಬಣ್ಣದ ಕೂದಲು, ಸಣಕಲು ದೇಹ ಕಂಡು ಮಾವನೊಬ್ಬ ಸಿಗಡಿ ಎಂದು ಕರೆದದ್ದೇ ಹೆಸರಾಗಿ ಉಳಿಯಿತು. ಕಮಾರೋನ್ ಎಂದರೆ ಸಿಗಡಿ. ತಂದೆ ಬೇಗ ತೀರಿಕೊಂಡ ಮೇಲೆ ಹುಡುಗ ಊರಿನ ವೆಂತಾ ದೆ ವರ್ಗಾಸ್ ಎಂಬ ಹೋಟೆಲಿನಲ್ಲಿ ಹಾಡಿ ನಾಲ್ಕು ಕಾಸು ತರುತ್ತಿದ್ದ.

ಪಾಕೊ ಹುಟ್ಟಿದ್ದು ಅದೇ ಪ್ರಾಂತ್ಯದ ಅಲ್ಹೆಸಿರಾಸ್ ಬಂದರಿನಲ್ಲಿ, 1947ರ ಡಿಸೆಂಬರ್ 21ರಂದು. ಅವರು ಹಿತಾನೊ ಅಲ್ಲ. ಫ್ರಾನ್ಸಿಸ್ಕೊ ಸಾಂಚೆಸ್ ಗೋಮೆಸ್ ಎಂಬುದು ದಾಖಲೆಯ ಹೆಸರು. ಬೀದಿಯಲ್ಲಿ ಪಾಕೊಗಳು ಹಲವರಿದ್ದುದರಿಂದ ತಾಯಿಯ ಹೆಸರು ಸೇರಿಸಿ ‘ಲೂಸಿಯಾಳ ಪಾಕೊ’ ಎಂದು ಕರೆದರು. ಆ ತಾಯಿ ಪೋರ್ಚುಗೀಸ್ ಮೂಲದವರು. ತಂದೆ ಆಂತೋನಿಯೊ ರಾತ್ರಿ ಹೊತ್ತು ಗಿಟಾರ್ ನುಡಿಸಿ ಸಂಸಾರ ನಡೆಸುತ್ತಿದ್ದವರು, ಮಗನನ್ನು ಗಂಟೆಗಟ್ಟಲೆ ಅಭ್ಯಾಸಕ್ಕೆ ಕೂರಿಸಿದವರು. ಅಣ್ಣ ರಮೋನ್ ಗಿಟಾರ್ ವಾದಕ, ಇನ್ನೊಬ್ಬ ಅಣ್ಣ ಪೇಪೆ ಗಾಯಕ. ಬಾಲ್ಯದಲ್ಲಿ ಪೇಪೆ ಹಾಡಿ ಪಾಕೊ ನುಡಿಸುವ ಜೋಡಿ ‘ಅಲ್ಹೆಸಿರಾಸಿನ ಚಿಕ್ಕಮಕ್ಕಳು’ ಎಂಬರ್ಥದ ಹೆಸರಿನಲ್ಲಿ ಮುದ್ರಿಕೆಯನ್ನೂ ಕೊಟ್ಟಿತ್ತು. ಅಂದರೆ ಕಮಾರೋನ್ ಸಿಗುವ ಮೊದಲೇ ಪಾಕೊ ಅವರ ಕಿವಿ ಮನೆಯ ಗಾಯಕನೊಬ್ಬನ ಉಸಿರಿಗೆ ಹೊಂದಿಕೊಂಡಿತ್ತು. ಇದು ಬಹಳ ಮುಖ್ಯ ಎಂದು ನನ್ನ ಅಭಿಪ್ರಾಯ.

ಶ್ರುತಿಪೆಟ್ಟಿಗೆ ಬರೆದದ್ದು:

ಹಳೇರೆಕಾರ್ಡು ಅವರಿಗೆ ಧನ್ಯವಾದಗಳು. ಹಾಗಾದರೆ ಒಬ್ಬರು ಕುಲುಮೆಯಿಂದ ಬಂದವರು, ಇನ್ನೊಬ್ಬರು ಅಭ್ಯಾಸದ ಕೋಣೆಯಿಂದ ಬಂದವರು ಎನ್ನೋಣವೇ? ಸಾಹಿತ್ಯ, ಧಾಟಿ ಇವನ್ನು ಯಾರು ಒದಗಿಸುತ್ತಿದ್ದರು?

ಹಳೇರೆಕಾರ್ಡು ಬರೆದದ್ದು:

ಕೋಣೆ ಎಂಬ ಮಾತು ಚೆನ್ನಾಗಿದೆ, ಆದರೆ ಕಮಾರೋನ್ ಅವರೂ ಏನೂ ಕಲಿಯದೆ ಹಾಡಿದವರಲ್ಲ. 1968ರ ಸುಮಾರಿಗೆ ಮ್ಯಾಡ್ರಿಡ್ ಸೇರಿ ತೊರೆಸ್ ಬೆರ್ಮೆಹಾಸ್ ಎಂಬ ತಬ್ಲಾವೊದಲ್ಲಿ, ಅಂದರೆ ಫ್ಲಮೆಂಕೊ ನಡೆಯುವ ಊಟದ ಮನೆಯಲ್ಲಿ, ಪ್ರತಿ ರಾತ್ರಿ ಹಾಡಿದವರು. ಅಲ್ಲಿ ಅವರಿಗೆ ನುಡಿಸುತ್ತಿದ್ದವರು ಪಾಕೊ ಸೆಪೇರೊ ಎಂಬ ಇನ್ನೊಬ್ಬ ಒಳ್ಳೆಯ ವಾದಕರು. ಅಂದರೆ ದಿನದ ಅನ್ನದ ಹಾಡಿಗೆ ಒಬ್ಬ ಗಿಟಾರಿಗ, ಮುದ್ರಿಕೆಯ ಹಾಡಿಗೆ ಇನ್ನೊಬ್ಬ. ಕಮಾರೋನ್ ಸ್ವತಃ ಗಿಟಾರ್ ಚೆನ್ನಾಗಿ ನುಡಿಸುತ್ತಿದ್ದರು ಎಂಬುದನ್ನೂ ಮರೆಯಬಾರದು. ಇತ್ತ ಪಾಕೊ ತಮಗೆ ಗಾಯಕನಾಗುವ ಆಸೆಯಿತ್ತು, ಸಂಕೋಚದಿಂದ ಗಿಟಾರ್‌ನ ಹಿಂದೆ ಅಡಗಿಕೊಂಡೆ ಎಂದು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡವರು. ಒಬ್ಬೊಬ್ಬರಿಗೂ ಇನ್ನೊಬ್ಬರ ಕೆಲಸ ಒಳಗಿನಿಂದ ಗೊತ್ತಿತ್ತು.

ಆ ಒಂಬತ್ತು ಮುದ್ರಿಕೆಗಳ ಹಿಂದೆ ಪಾಕೊ ಅವರ ಇಡೀ ಮನೆ ಇತ್ತು. ನಿರ್ಮಾಣದ ಉಸ್ತುವಾರಿ ತಂದೆಯದು, ಎರಡನೆಯ ಗಿಟಾರ್ ಹಲವು ಕಡೆ ರಮೋನ್ ಅವರದು, ಸಾಹಿತ್ಯದಲ್ಲಿ ಬಹುಪಾಲು ತಂದೆಯ ಅಥವಾ ಪೇಪೆಯವರ ಹೆಸರು. ಕಮಾರೋನ್ ಆ ಮನೆಯಲ್ಲಿ ಕೂತು ಸಾಲುಗಳನ್ನು ಬಾಯಿಗೆ ತಂದುಕೊಳ್ಳುತ್ತಿದ್ದರು. ಅವರು ಹಾಡಿದ ಮೇಲೆ ಸಾಲು ಮೊದಲಿನಂತೆ ಉಳಿಯುತ್ತಿರಲಿಲ್ಲ. ಒಂದು ಅಕ್ಷರ ನುಂಗಿ, ಇನ್ನೊಂದನ್ನು ಹಿಗ್ಗಿಸಿ, ಹತ್ತನೆಯ ಮಾತ್ರೆಗೆ ಬರಬೇಕಾದ ಕೊನೆಯನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದರು.

1972ರ ಮುದ್ರಿಕೆಗೆ ‘ಕನಸ್ತೇರಾ’ ಎಂದು ಹೆಸರು. ಬುಟ್ಟಿ ಹೆಣೆಯುವವಳು ಎಂದರ್ಥ, ತಾಯಿಯ ಕಸುಬು ನೆನಪಿದೆಯಲ್ಲ. ಆ ಹೆಸರಿನ ಹಾಡಿನಲ್ಲಿ ಇಬ್ಬರೂ ಸೇರಿ ಮೊದಲಿರದ ಒಂದು ಪ್ರಕಾರವನ್ನೇ ಕಟ್ಟಿದರು. ಫ್ಲಮೆಂಕೊದಲ್ಲಿ ಹೊಸ ಹಾಡು ಕಟ್ಟುವುದು ದಿನನಿತ್ಯದ ಮಾತು, ಹೊಸ ಪ್ರಕಾರ ಕಟ್ಟುವುದು ಅಲ್ಲ. ನಮ್ಮಲ್ಲಿ ಹೊಸ ಕೀರ್ತನೆ ರಚಿಸುವುದಕ್ಕೂ ಹೊಸ ರಾಗವನ್ನು ಚಲಾವಣೆಗೆ ತರುವುದಕ್ಕೂ ಇರುವಷ್ಟು ಅಂತರ. ಹಳೆಯದನ್ನು ಹಳೆಯ ಹಾಗೆಯೇ ಹಾಡಬೇಕು ಎಂಬ ಗಾಳಿ ಬಲವಾಗಿ ಬೀಸುತ್ತಿದ್ದ ಕಾಲ ಅದು. 1962ರಲ್ಲಿ ಹಾಡುಗಾರಿಕೆಯ ಚಿನ್ನದ ಕೀಲಿ ಎಂಬ ಅಪರೂಪದ ಗೌರವ ಪಡೆದಿದ್ದ ಆಂತೋನಿಯೊ ಮೈರೇನಾ ಆ ಪಕ್ಷದ ಹಿರಿಯರು. ಕಮಾರೋನ್ ಅವರಿಗೆ ಅದೇ ಕೀಲಿ ಸಂದದ್ದು 2000ದಲ್ಲಿ, ತೀರಿಕೊಂಡ ಎಂಟು ವರ್ಷದ ಬಳಿಕ.

ಪಿಟೀಲುಪುರಾಣ ಬರೆದದ್ದು:

1977ರ ನಂತರ ಏನಾಯಿತು ಎಂಬುದನ್ನೂ ಯಾರಾದರೂ ಬರೆಯಬೇಕು. ಜೊತೆಗಾರಿಕೆ ಹೇಗಿತ್ತು ಎಂಬುದು ಅದು ಇಲ್ಲದಾದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ ಎಂದು ನನ್ನ ಅನುಭವ.

ಆರುತಂತಿ ಬರೆದದ್ದು:

ಪಾಕೊ ಅವರಿಗೆ ಪುರುಸೊತ್ತು ಇಲ್ಲದಾಯಿತು. 1973ರಲ್ಲಿ ಬಂದ ‘ಎಂತ್ರೆ ದೋಸ್ ಆಗ್ವಾಸ್’ ಎಂಬ ರುಂಬಾ ಸ್ಪೇನಿನಲ್ಲಿ ಮನೆಮಾತಾಯಿತು. 1975ರಲ್ಲಿ ಮ್ಯಾಡ್ರಿಡ್‌ನ ರಾಜಮನೆತನದ ಹೆಸರಿನ ರಂಗಮಂದಿರದಲ್ಲಿ ಕಛೇರಿ ನಡೆಯಿತು. ಆಮೇಲೆ ಜಗತ್ತಿನ ಪ್ರವಾಸ, ಜಾಝ್ ಗಿಟಾರಿಗ ಜಾನ್ ಮ್ಯಾಕ್‌ಲಾಫ್ಲಿನ್ ಅಂಥವರ ಸಹವಾಸ. ಹಾಡಿನ ಪಕ್ಕದ ಕುರ್ಚಿ ಖಾಲಿಯಾಯಿತು.

ಆ ಕುರ್ಚಿಗೆ ಬಂದವರು ಅಲ್ಮೆರಿಯಾದ ತೊಮಾತಿತೊ, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. 1979ರಲ್ಲಿ ರಿಕಾರ್ದೊ ಪಾಚೋನ್ ನಿರ್ಮಿಸಿದ ‘ಲಾ ಲೆಯೆಂದಾ ದೆಲ್ ತಿಯೆಂಪೊ’ ಬಂತು. ಹೊದಿಕೆಯ ಮೇಲೆ ‘ದೆ ಲಾ ಇಸ್ಲಾ’ ಬಿಟ್ಟು ಬರಿಯ ‘ಕಮಾರೋನ್’ ಎಂದಷ್ಟೇ ಇತ್ತು. ಒಳಗೆ ಲೋರ್ಕಾ ಕವಿಯ ಸಾಲುಗಳು, ಡ್ರಮ್, ವಿದ್ಯುತ್ ಬೇಸ್, ಒಂದು ಹಾಡಿನಲ್ಲಿ ಸಿತಾರ್ ಕೂಡ. ಪ್ರಶ್ನಾರ್ಥಕ ಅವರು ಹುಡುಕುತ್ತಿದ್ದ ಭಾರತದ ನಂಟು ಕೊನೆಗೂ ಸಿಕ್ಕಿದ್ದು ಸೆವಿಯಾದ ರಾಕ್ ಸಂಗೀತಗಾರ ಗ್ವಾಲ್ಬೆರ್ತೊ ಅವರ ಕೈಯಲ್ಲಿ. ಮುದ್ರಿಕೆ ಮಾರಾಟವಾಗಲಿಲ್ಲ. ಇದು ನಮ್ಮ ಕಮಾರೋನ್ ಅಲ್ಲ ಎಂದು ಹಿತಾನೊ ಅಭಿಮಾನಿಗಳು ಅಂಗಡಿಗೆ ಹಿಂತಿರುಗಿಸಿದ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಇಂದು ಅದೇ ಮುದ್ರಿಕೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ.

ತೊಮಾತಿತೊ ನುಡಿಸುವುದಕ್ಕೂ ಪಾಕೊ ನುಡಿಸುವುದಕ್ಕೂ ಇರುವ ವ್ಯತ್ಯಾಸ ನನಗೆ ಹೀಗೆ ಕಾಣುತ್ತದೆ. ತೊಮಾತಿತೊ ಗಾಯಕನ ಬೆನ್ನಿಗೆ ನಿಂತ ತಮ್ಮನಂತೆ ನುಡಿಸುತ್ತಾರೆ, ಎಲ್ಲಿ ಬಿದ್ದರೂ ಹಿಡಿದುಕೊಳ್ಳುವ ಭರವಸೆ ಅದರಲ್ಲಿದೆ. ಪಾಕೊ ಎದುರು ಕೂತ ಜೊತೆಗಾರನಂತೆ ನುಡಿಸುತ್ತಾರೆ. ಸವಾಲಿನ ಎಳೆಯೊಂದನ್ನು ಇಟ್ಟು, ಈಗ ಇದನ್ನು ಏನು ಮಾಡುತ್ತೀಯ ನೋಡೋಣ ಎನ್ನುವ ಹಾಗೆ. 1981ರ ‘ಕೊಮೊ ಎಲ್ ಆಗ್ವಾ’ದಲ್ಲಿ ಇಬ್ಬರು ಗಿಟಾರಿಗರೂ ಒಟ್ಟಿಗೇ ಇದ್ದಾರೆ. ಕಮಾರೋನ್ ಅದರಲ್ಲಿ ಎಷ್ಟು ನಿರಾಳವಾಗಿ ಹಾಡುತ್ತಾರೆ ಎಂದರೆ, ಎರಡೂ ಬಗೆಯ ಜೊತೆ ಅವರಿಗೆ ಬೇಕಿತ್ತು ಎಂದು ಅನ್ನಿಸಿಬಿಡುತ್ತದೆ.

ಪ್ರಶ್ನಾರ್ಥಕ ಬರೆದದ್ದು:

ಸಿತಾರ್ ವಿಷಯದಲ್ಲಿ ನನ್ನನ್ನು ನವಿರಾಗಿ ಚಿವುಟಿದ್ದಕ್ಕೆ ಧನ್ಯವಾದ. ಆದರೆ ಇಷ್ಟೆಲ್ಲ ಪ್ರೀತಿಯ ಮಾತುಗಳ ನಡುವೆ ಹಣದ ವಿಷಯವನ್ನು ಯಾರೂ ಎತ್ತುತ್ತಿಲ್ಲ. ಕಮಾರೋನ್ ಸತ್ತ ಮೇಲೆ ಹಕ್ಕುಸ್ವಾಮ್ಯದ ಜಗಳ ನಡೆಯಿತು ಎಂದು ಓದಿದ್ದೇನೆ. ಸೃಜನಶೀಲ ಜೊತೆಗಾರಿಕೆ ಎನ್ನುವವರು ಅದನ್ನೂ ಹೇಳಬೇಕಲ್ಲವೇ?

ಹಳೇರೆಕಾರ್ಡು ಬರೆದದ್ದು:

ಖಂಡಿತ ಹೇಳಬೇಕು, ಮತ್ತು ಯಾರನ್ನೂ ಕಳ್ಳರೆನ್ನದೆ ಹೇಳಬೇಕು. ಕಮಾರೋನ್ 1992ರ ಜುಲೈ 2ರಂದು, 41ನೆಯ ವಯಸ್ಸಿನಲ್ಲಿ, ಬಾರ್ಸಿಲೋನಾ ಪಕ್ಕದ ಬದಲೋನಾದ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಹಾಡಿದ ಹಾಡುಗಳಲ್ಲಿ ಬಹುಪಾಲು ಬೇರೆಯವರ ಹೆಸರಿನಲ್ಲಿ ನೋಂದಣಿಯಾಗಿದ್ದವು. ರಚನೆಯ ಗೌರವಧನ ಹೋಗುವುದು ನೋಂದಣಿಯಾದ ಹೆಸರಿಗೆ. ಹಾಡಿದವರಿಗೂ ಅದರಲ್ಲಿ ಪಾಲು ಇರಬೇಕಿತ್ತು ಎಂಬ ಬೇಡಿಕೆ ಅವರ ಕುಟುಂಬದ ಕಡೆಯಿಂದ ಬಂತು, ಪತ್ರಿಕೆಗಳಲ್ಲಿ ದೊಡ್ಡದಾಯಿತು, ಪಾಕೊ ಅವರ ಹೆಸರನ್ನೂ ಅದರಲ್ಲಿ ಎಳೆದರು. ಅವರು ಬಹಳ ನೊಂದುಕೊಂಡು ಕೆಲಕಾಲ ಗಿಟಾರ್‌ನಿಂದಲೇ ದೂರ ಉಳಿದರು.

ನನ್ನ ದೃಷ್ಟಿಯಲ್ಲಿ ತೊಡಕು ಕಾನೂನಿನ ಕಣ್ಣಿನಲ್ಲಿದೆ. ಕಾನೂನಿಗೆ ಪದ ಬರೆದವರು ಗೊತ್ತು, ಧಾಟಿ ಕಟ್ಟಿದವರು ಗೊತ್ತು. ಒಂದು ಹಳೆಯ ಸೊಲೆಯಾದ ಹಾದಿಯಲ್ಲಿ, ಯಾರೋ ಬರೆದ ಮೂರು ಸಾಲನ್ನು, ಹೊಸ ಉಸಿರಿನಲ್ಲಿ ಮುರಿದು ಹಾಡಿದವನನ್ನು ಅದು ಬರಿಯ ‘ಪ್ರದರ್ಶಕ’ ಎನ್ನುತ್ತದೆ. ಅವನ ಉಸಿರು ತಿರುಗಿದಲ್ಲಿ ಸ್ವರಗುಚ್ಛವನ್ನು ತಿರುಗಿಸಿದ ಗಿಟಾರಿಗನನ್ನೂ ಹಾಗೆಯೇ ಎನ್ನುತ್ತದೆ. ಹಾಡಿನ ಯಾವ ಭಾಗಕ್ಕಾಗಿ ನಾವು ಇಂದಿಗೂ ಆ ಮುದ್ರಿಕೆಗಳನ್ನು ಕೇಳುತ್ತೇವೋ, ಆ ಭಾಗಕ್ಕೆ ನೋಂದಣಿ ಪುಸ್ತಕದಲ್ಲಿ ಅಂಕಣವಿಲ್ಲ. ಪೇಪೆಯವರ ಸಾಲುಗಳಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ, ಅವು ಒಳ್ಳೆಯ ಸಾಲುಗಳು. ಶ್ರುತಿಪೆಟ್ಟಿಗೆ ಅವರು ಮೊದಲು ಕೇಳಿದ ಪ್ರಶ್ನೆಯೇ ಒಬ್ಬರು ಹೋದ ಮೇಲೆ ವಕೀಲರ ಕಚೇರಿಯಲ್ಲಿ ಮತ್ತೆ ಎದ್ದಿತು, ಅಲ್ಲಿ ಅದಕ್ಕೆ ಉತ್ತರ ಸಿಗುವ ಹಾಗೆಯೇ ಇರಲಿಲ್ಲ.

ಪಿಟೀಲುಪುರಾಣ ಬರೆದದ್ದು:

ಅಂಕಣವಿಲ್ಲ ಎಂಬ ಮಾತು ನಮ್ಮ ವೃತ್ತಿಯವರ ಎದೆಗೆ ನಾಟುವಂಥದ್ದು. ಇಬ್ಬರೂ ಕೊನೆಗೊಮ್ಮೆ ಜೊತೆಯಾಗಿ ಮಾಡಿದ ಕೆಲಸ ಯಾವುದು?

ಆರುತಂತಿ ಬರೆದದ್ದು:

1992ರಲ್ಲಿ ಬಂದ ‘ಪೋತ್ರೊ ದೆ ರಾಬಿಯಾ ಇ ಮಿಯೆಲ್’. ಪಾಕೊ, ತೊಮಾತಿತೊ ಇಬ್ಬರೂ ನುಡಿಸಿದ್ದಾರೆ. ಗಾಯಕನ ಕಂಠ ಅಷ್ಟರಲ್ಲಿ ದಣಿದಿತ್ತು. ಮೊದಲ ಮುದ್ರಿಕೆಗಳನ್ನು ಕೇಳಿದ ಕಿವಿಯಲ್ಲಿ ಇದನ್ನು ಕೇಳಿದರೆ ಗಿಟಾರ್ ಇಡುವ ಉತ್ತರಗಳು ಎಷ್ಟು ಹತ್ತಿರಕ್ಕೆ ಬಂದಿವೆ ಎಂಬುದು ತಿಳಿಯುತ್ತದೆ. ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಹೋಗುವ ಜಾಗ ಬರುವ ಮುನ್ನವೇ ತಂತಿ ಅಲ್ಲಿಗೆ ಬಂದು ನಿಂತಿರುತ್ತದೆ. ಇದು ನನ್ನ ಕಲ್ಪನೆಯೂ ಇರಬಹುದು, ಸಾವಿನ ವರ್ಷ ಗೊತ್ತಿದ್ದು ಕೇಳುವವರ ಕಿವಿಯನ್ನು ಪೂರ್ತಿ ನಂಬಬಾರದು.

ಇನ್ನೊಂದು ಮುದ್ರಿಕೆಯನ್ನು ಹೆಸರಿಸಿ ನಿಲ್ಲಿಸುತ್ತೇನೆ. 1998ರಲ್ಲಿ ಪಾಕೊ ತಮ್ಮ ತಾಯಿಯ ಹೆಸರಿನಲ್ಲಿ ‘ಲೂಸಿಯಾ’ ಎಂಬ ಮುದ್ರಿಕೆ ತಂದರು. ಅದರ ಕೊನೆಯ ರಚನೆ ರೊಂದೇನ್ಯಾ ಪ್ರಕಾರದ್ದು, ಹೆಸರು ‘ಕಮಾರೋನ್’. ಅದರಲ್ಲಿ ಕೇಳಿಸುವ ಕಂಠ ಯಾರದೋ ಬಾಡಿಗೆ ಗಾಯಕನದಲ್ಲ, ಜೀವನವಿಡೀ ಗಿಟಾರ್‌ನ ಹಿಂದೆ ಅಡಗಿಕೊಂಡೆ ಎಂದವರದೇ. ದೊಡ್ಡ ಕಂಠವೇನಲ್ಲ, ಸ್ವಲ್ಪ ಒರಟು, ಎತ್ತರದ ಸ್ವರಕ್ಕೆ ಏರುವಾಗ ಹಿಂಜರಿಕೆ ಕೇಳಿಸುತ್ತದೆ. ಹಾಡಿದ್ದು ಕೆಲವೇ ಸಾಲು. ಸಾಲಿನ ಕೊನೆಗೆ ಗಿಟಾರ್ ತನ್ನ ಉತ್ತರವನ್ನು ಇಡುತ್ತದೆ.

ಶ್ರುತಿಪೆಟ್ಟಿಗೆ ಬರೆದದ್ದು:

ನಿನ್ನೆ ರಾತ್ರಿ ಅದನ್ನು ಕೇಳಿದೆ. ಮೊದಲ ಸಲ ಕೇಳುವಾಗ ಅದು ಯಾರ ಕಂಠ ಎಂದು ಗೊತ್ತಿದ್ದರೂ, ಕಿವಿ ತನ್ನಷ್ಟಕ್ಕೆ ಇನ್ನೊಬ್ಬರಿಗಾಗಿ ಕಾಯುತ್ತಿತ್ತು.